ಕಂಕುಳಿನ ಗಂಟು, ಹದಿನಾರು ವರ್ಷದ ಸ್ತನ ಇಂಪ್ಲಾಂಟ್: ದಾವಣಗೆರೆಯ ಒಂದು ಪ್ರಕರಣ

ಇದು ನನ್ನ ಮಗನಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಡಂ ಅವರ ಪ್ರಕರಣ. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಕರೆಯುವುದೇ ಮೇಡಂ ಅಂತ, ಅವರು ನನ್ನನ್ನು ಸಿಸ್ಟರ್ ಅಂತ. ಇಲ್ಲೂ ಹಾಗೇ ಇರಲಿ. ಬರೆದದ್ದನ್ನು ಅವರು ಪೂರ್ತಿ ಓದಿದ್ದಾರೆ, ಎರಡು ಕಡೆ ತಿದ್ದಿದ್ದಾರೆ. "ಇನ್ನೊಬ್ಬರಿಗೆ ಉಪಯೋಗ ಆಗೋದಾದ್ರೆ ಹಾಕಿ ಸಿಸ್ಟರ್" ಅಂದ ಮೇಲೆಯೇ ಹಾಕುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್ ಆಗಿ 26 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಎದೆಯ ಆಪರೇಷನ್ ಆದ ಹೆಂಗಸರಿಗೆ ಕೈ ಊದದ ಹಾಗೆ ವ್ಯಾಯಾಮ ಹೇಳಿಕೊಡುತ್ತೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿ ಬರುವ ವೈದ್ಯಕೀಯ ವಿಷಯಗಳನ್ನು ಮೇಡಂಗೆ ಆಪರೇಷನ್ ಮಾಡಿದ ಡಾಕ್ಟರ ಎದುರು ಕೂತು, ಒಂದೊಂದಾಗಿ ಕೇಳಿ ಬರೆದುಕೊಂಡಿದ್ದೇನೆ.

2024ರ ಜೂನ್, ಒಂದು ಸಂಜೆ

ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ಮೇಡಂ ನಿಟ್ಟುವಳ್ಳಿಯ ನಮ್ಮ ಮನೆಗೆ ಒಬ್ಬರೇ ಆಟೋದಲ್ಲಿ ಬಂದರು. ಅವರು ಫೋನ್ ಮಾಡದೆ ಯಾರ ಮನೆಗೂ ಹೋಗುವವರಲ್ಲ. ಚಹಾ ಕೊಟ್ಟರೆ ಕುಡಿಯಲಿಲ್ಲ. ಬ್ಯಾಗಿನಿಂದ ಒಂದು ಸ್ಕ್ಯಾನ್ ರಿಪೋರ್ಟ್ ತೆಗೆದು ನನ್ನ ಮುಂದಿಟ್ಟರು.

ಎಡ ಕಂಕುಳಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದಾರೆ. "ಹದಿನಾರು ವರ್ಷದ ಹಿಂದೆ ಈ ಕಡೆ ಕ್ಯಾನ್ಸರ್ ಆಪರೇಷನ್ ಆಗಿದೆ" ಅಂತ ಹೇಳಿದ್ದಾರೆ. ಡಾಕ್ಟರು ಕಂಕುಳ ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟಿನ ಕೊನೆಯ ಸಾಲಿನಲ್ಲಿ, ಗಂಟು ಅನುಮಾನ ಹುಟ್ಟಿಸುವ ಹಾಗಿದೆ, ಮೊದಲಿನ ಕ್ಯಾನ್ಸರ್ ಮರಳಿರಬಹುದು, ಬಯಾಪ್ಸಿ ಮಾಡಿ ಎಂದಿತ್ತು.

ಮೇಡಂ ಮೆಲ್ಲಗೆ ಹೇಳಿದರು: "ಮಗಳ ಮದುವೆ ಮಾತು ನಡೀತಾ ಇದೆ ಸಿಸ್ಟರ್. ಈಗಲೇ ಬರಬೇಕಿತ್ತಾ ಇದು?"

ನಾನು ರಿಪೋರ್ಟನ್ನು ಎರಡು ಸಲ ಓದಿದೆ. ಒಂದು ಪದ ಹುಡುಕುತ್ತಿದ್ದೆ. ಅದು ಇರಲಿಲ್ಲ.

"ಮೇಡಂ, ಒಳಗೆ ಇಂಪ್ಲಾಂಟ್ ಇದೆ ಅಂತ ಹೇಳಿದ್ರಾ ಅವರಿಗೆ?"

ಅವರು ತಲೆ ತಗ್ಗಿಸಿದರು. ಹೇಳಿರಲಿಲ್ಲ. ಕ್ಲಿನಿಕ್ಕಿನಲ್ಲೂ ಹೇಳಿರಲಿಲ್ಲ, ಸ್ಕ್ಯಾನಿಂಗ್ ಸೆಂಟರಿನಲ್ಲೂ ಹೇಳಿರಲಿಲ್ಲ. ಎರಡೂ ಕಡೆ ಸೆರಗು ಸರಿಸದೆ, ತೋಳು ಮೇಲೆತ್ತಿ ಕಂಕುಳು ಮಾತ್ರ ತೋರಿಸಿದ್ದರು.

ಹೇಳದೆ ಇದ್ದದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. 2008ರಲ್ಲಿ ಅವರಿಗೆ 40 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿದ್ದರು. ಸ್ತನ ಪೂರ್ತಿ ತೆಗೆದು, ಎದೆಯ ಆಕಾರ ಉಳಿಯಲಿ ಅಂತ ಅದೇ ಆಪರೇಷನ್ನಿನಲ್ಲಿ ಸ್ನಾಯುವಿನ ಕೆಳಗೆ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರು. ಕಂಕುಳ ಗಂಟುಗಳಲ್ಲಿ, ಅಂದರೆ ಎಲ್ಲರಿಗೂ ಅಲ್ಲಿ ಇರುವ ದುಗ್ಧಗ್ರಂಥಿಗಳಲ್ಲಿ, ಕ್ಯಾನ್ಸರ್ ಇರಲಿಲ್ಲ, ರೇಡಿಯೇಷನ್ ಬೇಕಾಗಲಿಲ್ಲ. ಕ್ಯಾನ್ಸರ್ ಮರಳದಿರಲಿ ಅಂತ ಐದು ವರ್ಷ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಂಡರು. ಇಂಪ್ಲಾಂಟ್ ವಿಷಯ ಗೊತ್ತಿದ್ದದ್ದು ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಅವರ ಯಜಮಾನರಿಗೆ, ಈಗ ಇಲ್ಲದ ಅವರ ತಾಯಿಗೆ, ಮತ್ತು ಊರಿಗೆ ಬಂದ ಮೇಲೆ ಡ್ರೆಸ್ಸಿಂಗ್ ಮಾಡಿದ ನನಗೆ. ಆಗ ಹನ್ನೊಂದು ವರ್ಷದವಳಾಗಿದ್ದ ಮಗಳಿಗೆ "ಅಮ್ಮನಿಗೆ ಆಪರೇಷನ್" ಅಂತ ಮಾತ್ರ ಗೊತ್ತು.

2013ರಲ್ಲಿ ಐದು ವರ್ಷ ಮುಗಿಯಿತು. "ಗುಣ ಆಗಿದೆ, ಇನ್ನು ನೆಮ್ಮದಿಯಾಗಿರಿ" ಅಂದರು. ಮೇಡಂ ಅದನ್ನು ಅಕ್ಷರಶಃ ತಗೊಂಡರು. ಆಮೇಲೆ ಯಾವ ಪರೀಕ್ಷೆಗೂ ಹೋಗಲಿಲ್ಲ. ಬಲ ಸ್ತನದ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಕೂಡ ನಿಂತುಹೋಯಿತು. ಇಂಪ್ಲಾಂಟ್ ಕಡೆಗೆ ಮತ್ತೆ ನೋಡಬೇಕು ಅಂತ ಯಾರೂ ಹೇಳಲಿಲ್ಲ. ನನಗೆ ಗೊತ್ತಿತ್ತು, ಹದಿನಾರು ವರ್ಷ ಒಂದೇ ಊರಲ್ಲಿದ್ದೆ, ಸಂತೆಯಲ್ಲಿ ಸಿಕ್ಕಾಗ ಮಾತಾಡುತ್ತಿದ್ದೆ. ನಾನೂ ಒಂದು ದಿನ ಕೇಳಲಿಲ್ಲ. ಇದನ್ನು ಬರೆಯಲು ಕೂತಾಗ ನನಗೆ ಜಾಸ್ತಿ ನೋವಾದದ್ದು ಅದಕ್ಕೇ.

ದರ್ಜಿ ಮೊದಲು ಗುರುತಿಸಿದ್ದು

ಅವತ್ತು ರಾತ್ರಿ ಕೂತು ಎರಡು ವರ್ಷದ ಹಿಂದಿನದನ್ನೆಲ್ಲ ನೆನಪು ಮಾಡಿಕೊಂಡೆವು. ಆಗ ಹೊರಬಂತು. ಚೌಕಿಪೇಟೆಯ ಟೈಲರ್ ಅಮ್ಮ 2022ರಲ್ಲೇ ಹೇಳಿದ್ದಳಂತೆ, "ಮೇಡಂ, ಎಡಗಡೆ ಅಳತೆ ಬೇರೆ ಬರ್ತಾ ಇದೆಯಲ್ಲ, ಸ್ವಲ್ಪ ಮೇಲಕ್ಕೆ ಕೂತಿದೆ." ಮೇಡಂ ವಯಸ್ಸಾಯ್ತು ಅಂತ ಸುಮ್ಮನಾಗಿದ್ದರು. ಆ ಕಡೆ ಮುಟ್ಟಿದರೆ ಮೊದಲಿನ ಮೆತ್ತಗಿನ ಭಾವ ಹೋಗಿ ಗಟ್ಟಿಯಾಗಿತ್ತು. ಎಡ ಮಗ್ಗುಲಿಗೆ ಮಲಗಿದರೆ ಒತ್ತುತ್ತಿತ್ತು. ನೋವು ಇರಲಿಲ್ಲ.

ಇನ್ನೊಂದು ವಿಷಯವೂ ಬಂತು. 2018ರಲ್ಲಿ ಯಾವುದೋ ಫಾರ್ವರ್ಡ್ ಮೆಸೇಜಿನಲ್ಲಿ "ಇಂಪ್ಲಾಂಟಿಗೆ ಹತ್ತು ವರ್ಷ ಆಯಸ್ಸು, ಆಮೇಲೆ ತೆಗೆಸದಿದ್ದರೆ ಅಪಾಯ" ಅಂತ ಓದಿದ್ದರಂತೆ. ಸರಿಯಾಗಿ ಹತ್ತು ವರ್ಷ ಆಗಿತ್ತು. ಒಂದು ತಿಂಗಳು ನಿದ್ದೆ ಇಲ್ಲ. ಯಾರನ್ನು ಕೇಳುವುದು? ಕೇಳಿದರೆ ಗುಟ್ಟು ಬಿಡಬೇಕು. ಏನೂ ಆಗದೆ ದಿನ ಕಳೆದಾಗ ಅದೆಲ್ಲ ಸುಳ್ಳು ಅಂದುಕೊಂಡರು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಆ ಮೆಸೇಜು ಹೇಳಿದ್ದು ತಪ್ಪು. ಆದರೆ ಅದು ತಪ್ಪು ಅಂತ ತಿಳಿದು ಪರೀಕ್ಷೆಯನ್ನೇ ಬಿಟ್ಟದ್ದೂ ತಪ್ಪು. ಹತ್ತು ವರ್ಷ ತುಂಬಿದ ತಕ್ಷಣ ತೆಗೆಯಬೇಕು ಎಂಬ ನಿಯಮ ಇಲ್ಲ. ಜೀವಮಾನಪೂರ್ತಿ ಬರುತ್ತದೆ ಎಂಬ ಭರವಸೆಯೂ ಇಲ್ಲ. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್.ಡಿ.ಎ. ಸಂಸ್ಥೆ ಇದನ್ನು ನೇರವಾಗಿಯೇ ಹೇಳುತ್ತದೆ: ಇವು ಜೀವನಪರ್ಯಂತದ ಸಾಧನಗಳಲ್ಲ, ಒಳಗಿದ್ದ ವರ್ಷ ಹೆಚ್ಚಿದಷ್ಟೂ ತೊಂದರೆಯ ಸಾಧ್ಯತೆ ಹೆಚ್ಚು. ಹತ್ತು ಎಂಬ ಸಂಖ್ಯೆ ಬೇರೆ ಕಡೆಯಿಂದ ಬಂದದ್ದು. ದೊಡ್ಡ ಅಧ್ಯಯನಗಳು ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿ ಲೆಕ್ಕ ಇಟ್ಟವು, ಕೆಲವು ಕಂಪನಿಗಳ ವಾರಂಟಿಯೂ ಹತ್ತು ವರ್ಷದ್ದು. ಜನರ ಬಾಯಲ್ಲಿ ಅದೇ ಎಕ್ಸ್‌ಪೈರಿ ಡೇಟ್ ಆಯಿತು.

2011ರಲ್ಲಿ ಎಫ್.ಡಿ.ಎ. ಕೊಟ್ಟ ವರದಿಯಲ್ಲಿ ಒಂದು ಅಂದಾಜು ಇದೆ. ಗಾತ್ರ ಹೆಚ್ಚಿಸಲು ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ, ಕ್ಯಾನ್ಸರ್ ಮುಂತಾದ ಕಾರಣಕ್ಕೆ ಸ್ತನ ತೆಗೆದು ಮರುರಚನೆ ಮಾಡಿಸಿಕೊಂಡವರಲ್ಲಿ ಇಬ್ಬರಲ್ಲಿ ಒಬ್ಬರಿಗೆ ಹತ್ತು ವರ್ಷದೊಳಗೆ ತೆಗೆಯಬೇಕಾಗಿ ಬರಬಹುದು. ಇದನ್ನು ತಿರುಗಿಸಿಯೂ ಓದಬೇಕು, ಅಲ್ವಾ? ಮೊದಲ ಗುಂಪಿನ ಐವರಲ್ಲಿ ನಾಲ್ವರಿಗೆ ಹತ್ತು ವರ್ಷದಲ್ಲಿ ತೆಗೆಯುವ ಪ್ರಸಂಗ ಬರಲಿಲ್ಲ. ತೆಗೆದವರಿಗೂ ಎಲ್ಲರಿಗೂ ಒಡೆದೇ ತೆಗೆದದ್ದಲ್ಲ. ಗಟ್ಟಿಯಾಗಿದ್ದು, ಜಾಗ ಬಿಟ್ಟು ಸರಿದದ್ದು, ಗಾತ್ರ ಬೇಡ ಅನ್ನಿಸಿದ್ದು, ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ.

ಒಳಗೆ ಕೂತು ಅದು ಹೇಗೆ ಹಳತಾಗುತ್ತದೆ

ಮೇಡಂ ಗಣಿತದವರು. ಸುಮ್ನೆ "ಹಳತಾಗಿದೆ" ಅಂದರೆ ಒಪ್ಪುವುದಿಲ್ಲ. "ಏನು ಹಳತಾಗುತ್ತೆ, ಹೇಗೆ ಹಳತಾಗುತ್ತೆ ಹೇಳಿ" ಅಂತ ಡಾಕ್ಟರನ್ನು ಕೇಳಿದರು. ಅವರು ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಇಂಪ್ಲಾಂಟ್ ಅಂದರೆ ರಬ್ಬರಿನಂಥ ಸಿಲಿಕೋನ್ ಚೀಲ, ಒಳಗೆ ಸಿಲಿಕೋನ್ ಜೆಲ್. ಮೊದಲ ಸಿಲಿಕೋನ್ ಇಂಪ್ಲಾಂಟನ್ನು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ, ಕ್ರೋನಿನ್ ಮತ್ತು ಗೆರೋ ಎಂಬ ಇಬ್ಬರು ಸರ್ಜನ್‌ಗಳು. ಆಗ ಚೀಲ ದಪ್ಪ ಇತ್ತು. 1970ರ ದಶಕದಲ್ಲಿ ಮೆತ್ತಗಿರಲಿ ಅಂತ ಚೀಲವನ್ನು ತೆಳ್ಳಗೆ, ಜೆಲ್ಲನ್ನು ನೀರಾಗಿ ಮಾಡಿದರು. ಅವು ಬಹಳ ಒಡೆದವು. 1980ರ ದಶಕದಿಂದ ಚೀಲಕ್ಕೆ ಸೋರಿಕೆ ತಡೆಯುವ ಇನ್ನೊಂದು ಪದರ ಸೇರಿತು. ಆಮೇಲೆ ಜೆಲ್ ಕೂಡ ಬಿಗಿಯಾಯಿತು. ಹಳೆಯದು ಜೇನುತುಪ್ಪದ ಹಾಗೆ ಹರಿಯುತ್ತಿದ್ದರೆ, ಹೊಸದು ಹಲ್ವಾ ತುಂಡಿನ ಹಾಗೆ ಕತ್ತರಿಸಿದರೂ ಆಕಾರ ಬಿಡುವುದಿಲ್ಲ. ಹಾಗಾಗಿ ಅಜ್ಜಿಯ ಕಾಲದ ಇಂಪ್ಲಾಂಟಿನ ಕಥೆಯನ್ನು ಈಗಿನದಕ್ಕೆ ಹೊಂದಿಸಿ ಹೆದರುವುದು ಸರಿಯಲ್ಲ. ಅದು ಯಾವ ವರ್ಷದ್ದು, ಯಾವ ಬಗೆಯದು ಎಂಬುದು ಮುಖ್ಯ.

ಹೊರಗಿನ ವಸ್ತು ಒಳಗೆ ಬಂದರೆ ಮೈ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುತ್ತದೆ, ಕಾಯಿಲೆ ಅಲ್ಲ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಬಿಗಿಯಾಗಿ, ಒಳಗಿನ ಇಂಪ್ಲಾಂಟನ್ನು ಹಿಂಡುತ್ತದೆ. ಆಗ ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ಮೇಲಕ್ಕೆ ಏರುತ್ತದೆ. ಡಾಕ್ಟರುಗಳು ಇದನ್ನು ಬೇಕರ್ ಎಂಬ ಅಳತೆಯಲ್ಲಿ ನಾಲ್ಕು ದರ್ಜೆ ಮಾಡುತ್ತಾರೆ. ಒಂದು ಅಂದರೆ ಮೆತ್ತಗೆ, ಸಹಜ. ಎರಡರಲ್ಲಿ ಸ್ವಲ್ಪ ಗಟ್ಟಿ, ನೋಡಲು ಸರಿ ಇರುತ್ತದೆ. ಮೂರರಲ್ಲಿ ಗಟ್ಟಿಯೂ ಹೌದು, ಕಣ್ಣಿಗೂ ಕಾಣುತ್ತದೆ. ನಾಲ್ಕರಲ್ಲಿ ನೋವೂ ಸೇರುತ್ತದೆ. ಮೇಡಂ ಅವರದ್ದು ಮೂರು. ಟೈಲರ್ ಅಮ್ಮ ಟೇಪಿನಲ್ಲಿ ಕಂಡದ್ದು ಅದನ್ನೇ. ರೇಡಿಯೇಷನ್ ಆದವರಿಗೆ ಇದು ಬರುವ ಸಾಧ್ಯತೆ ಜಾಸ್ತಿ.

ಇನ್ನು ಚೀಲದ ಮಾತು. ಜೆಲ್ಲಿನಲ್ಲಿರುವ ಸಣ್ಣ ಸಿಲಿಕೋನ್ ಕಣಗಳು ವರ್ಷಗಟ್ಟಲೆ ಚೀಲದ ಗೋಡೆಯೊಳಕ್ಕೆ ಇಂಗುತ್ತವೆ. ಚೀಲದ ಗಟ್ಟಿತನ ನಿಧಾನ ಕಡಿಮೆಯಾಗುತ್ತದೆ. ಜೊತೆಗೆ ಒಳಗೆ ಅದು ಒಂದೊಂದು ಕಡೆ ಮಡಿಕೆ ಬೀಳುತ್ತದೆ. ಮಡಿಸಿ ಮಡಿಸಿ ಇಟ್ಟ ಹಳೆಯ ಪಹಣಿ ಕಾಗದ ಎಲ್ಲಿ ಹರಿಯುತ್ತದೆ? ಮಡಿಕೆಯಲ್ಲೇ. ಕೈ ಎತ್ತಿದಾಗ, ಉಸಿರಾಡಿದಾಗ, ಮಲಗಿದಾಗ ಅದೇ ಮಡಿಕೆ ಲಕ್ಷ ಸಲ ಬಾಗುತ್ತದೆ, ಕೊನೆಗೆ ಅಲ್ಲೇ ಬಿರುಕು. ಹಾಕುವಾಗಲೇ ಸೂಜಿ, ಉಪಕರಣ ತಾಗಿ ಆದ ಸಣ್ಣ ಗಾಯ ಕೂಡ ಮುಂದೆ ಬಾಯಿ ಬಿಡಬಹುದು.

ಉಪ್ಪುನೀರು ತುಂಬಿದ ಇಂಪ್ಲಾಂಟ್ ಒಡೆದರೆ ಕೆಲವೇ ದಿನದಲ್ಲಿ ಇಳಿದುಹೋಗುತ್ತದೆ. ನೀರನ್ನು ಮೈ ಹೀರಿಕೊಳ್ಳುತ್ತದೆ, ಅವರಿಗೆ ಕಣ್ಣಿಗೇ ಗೊತ್ತಾಗುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ಚೀಲ ಹರಿದರೂ ಸುತ್ತಲಿನ ಪೊರೆ ಜೆಲ್ಲನ್ನು ಹಿಡಿದಿಡುತ್ತದೆ. ಹೊರಗಿನ ಆಕಾರ ಬದಲಾಗುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಇದನ್ನು ಮೌನ ಒಡಕು ಅನ್ನುತ್ತಾರೆ. ಕೈಯಿಂದ ಮುಟ್ಟಿ ನೋಡಿ ಇದನ್ನು ಹೇಳುವುದು ಅನುಭವಸ್ಥ ಸರ್ಜನ್‌ಗೂ ಕಷ್ಟ. ಕೆಲವರಲ್ಲಿ ಜೆಲ್ ಪೊರೆಯನ್ನೂ ದಾಟಿ ಹೊರಬರುತ್ತದೆ. ಆಗ ಕಂಕುಳ ಗಂಟುಗಳು ಅದನ್ನು ಹಿಡಿದಿಟ್ಟುಕೊಂಡು ದೊಡ್ಡದಾಗುತ್ತವೆ.

ಈ ಕೊನೆಯ ಸಾಲು ಗೊತ್ತಿದ್ದದ್ದರಿಂದಲೇ ನಾನು ಆ ರಿಪೋರ್ಟಿನಲ್ಲಿ ಇಂಪ್ಲಾಂಟ್ ಎಂಬ ಪದ ಹುಡುಕಿದ್ದು.

ಎರಡನೆಯ ಸ್ಕ್ಯಾನ್

ಮರುದಿನ ಬೆಳಿಗ್ಗೆ ಮೇಡಂ ಜೊತೆ ಅದೇ ಸ್ಕ್ಯಾನಿಂಗ್ ಸೆಂಟರಿಗೆ ಹೋದೆ. ಅಲ್ಲಿನ ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇದನ್ನು ನಾನು ಮರೆಯುವುದಿಲ್ಲ. "ಇದನ್ನ ಹೇಳಿದ್ರೆ ಅವತ್ತೇ ಇಂಪ್ಲಾಂಟ್ ಮೇಲೂ ನೋಡ್ತಿದ್ದೆ ಅಮ್ಮಾ. ಪರವಾಗಿಲ್ಲ, ಮಲಗಿ" ಅಂದರು.

ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸಿದರು. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. ಸಿಲಿಕೋನ್ ತುಂಬಿದ ಗಂಟು ಬೆಳ್ಳಗೆ, ಮಸುಕು ಮಸುಕಾಗಿ, ಹಿಂದಿರುವುದೆಲ್ಲ ಮಂಜಿನಲ್ಲಿ ಮುಚ್ಚಿದ ಹಾಗೆ ಕಾಣುತ್ತದೆ. ಡಾಕ್ಟರುಗಳು ಇದಕ್ಕೆ ಹಿಮಪಾತ ಅನ್ನುತ್ತಾರೆ. ನಾವು ಹಿಮ ನೋಡಿದವರಲ್ಲ. ನನಗೆ ಅದು ಮುಂಗಾರಿನಲ್ಲಿ ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಇಳಿಯುವ ಮಂಜಿನ ಹಾಗೆ ಕಂಡಿತು. ಆಮೇಲೆ ಇಂಪ್ಲಾಂಟ್ ಮೇಲೆ ಇಟ್ಟು ನೋಡಿದರೆ ಒಳಗೆ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಗೆರೆ. ಹರಿದ ಚೀಲ ಮಡಿಕೆ ಮಡಿಕೆಯಾಗಿ ಜೆಲ್ಲಿನಲ್ಲಿ ಕುಸಿದಿರುವ ಗುರುತು.

ಖಚಿತ ಮಾಡಿಕೊಳ್ಳಲು ಎಂ.ಆರ್.ಐ. ಬೇಕು ಅಂದರು. ಇಲ್ಲಿ ಒಂದು ಉಪಯುಕ್ತ ಮಾತು. ಎದೆಯ ಎಂ.ಆರ್.ಐ.ಗೆ ಬೋರಲು ಮಲಗಿ ಎದೆ ಇಳಿಬಿಡಲು ಕಾಯಿಲ್ ಎಂಬ ಬೇರೆಯೇ ಉಪಕರಣ ಇರಬೇಕು. ಎಲ್ಲ ಕಡೆ ಇರುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ಕೇಳಬೇಕು. ನಾವು ಮೂರನೆಯ ಫೋನಿಗೆ ಸಿಕ್ಕ ಕಡೆ ಹೋದೆವು. ಬರೀ ಇಂಪ್ಲಾಂಟ್ ಒಡೆದಿದೆಯೇ ನೋಡಲು, ಚಿತ್ರ ಸ್ಪಷ್ಟ ಬರಲಿ ಅಂತ ಕೊಡುವ ಇಂಜೆಕ್ಷನ್ನಿನ ಅಗತ್ಯವಿಲ್ಲ. ಕ್ಯಾನ್ಸರ್ ಹುಡುಕಲು ಬೇಕು. ಮೇಡಂಗೆ ಎರಡೂ ಪ್ರಶ್ನೆ ಇತ್ತು, ಹಾಗಾಗಿ ಇಂಜೆಕ್ಷನ್ ಕೊಟ್ಟೇ ಮಾಡಿದರು.

ಎಂ.ಆರ್.ಐ. ಚಿತ್ರದಲ್ಲಿ ಜೆಲ್ಲಿನ ನಡುವೆ ಸಣ್ಣ ಸಣ್ಣ ಬಳುಕು ಗೆರೆಗಳು. ಇಟಲಿಯ ಒಂದು ಬಗೆಯ ಶ್ಯಾವಿಗೆಯ ಹೆಸರನ್ನೇ ಈ ಗುರುತಿಗೆ ಇಟ್ಟಿದ್ದಾರಂತೆ. ಪಾಯಸದಲ್ಲಿ ಶ್ಯಾವಿಗೆ ತೇಲಿದ ಹಾಗೆಯೇ ಇತ್ತು. ಚೀಲ ಹರಿದಿದೆ, ಜೆಲ್ ಸ್ವಲ್ಪ ಪೊರೆಯಿಂದ ಹೊರಗೂ ಬಂದಿದೆ, ಕಂಕುಳಲ್ಲಿ ಎರಡು ಗಂಟು ಅದನ್ನು ಹೀರಿಕೊಂಡಿವೆ.

ಇಷ್ಟಾದರೂ ಬಯಾಪ್ಸಿ ಬಿಡಲಿಲ್ಲ. ಅದು ಸರಿಯಾದ ನಿರ್ಧಾರ. ಒಮ್ಮೆ ಕ್ಯಾನ್ಸರ್ ಆದವರ ಕಂಕುಳ ಗಂಟನ್ನು ಬರೀ ಚಿತ್ರ ನೋಡಿ ಸಿಲಿಕೋನ್ ಎಂದು ಬಿಡುವ ಹಾಗಿಲ್ಲ. ದಪ್ಪ ಸೂಜಿಯಿಂದ ಚೂರು ತೆಗೆದು ಕಳಿಸಿದರು. ಎಂಟು ದಿನ. ಆ ಎಂಟು ದಿನ ಯಜಮಾನರು ಅಂಗಡಿಗೆ ಹೋಗಲಿಲ್ಲ, ಮೇಡಂ ಒಂದು ದಿನವೂ ರಜ ಹಾಕಲಿಲ್ಲ. ರಿಪೋರ್ಟ್ ಬಂತು. ಹೊರವಸ್ತುವಿಗೆ ಮೈ ತೋರಿದ ಪ್ರತಿಕ್ರಿಯೆ, ಸಿಲಿಕೋನ್, ಕ್ಯಾನ್ಸರ್ ಕಣ ಇಲ್ಲ. ಜೊತೆಯಲ್ಲೇ ಮಾಡಿಸಿದ ಬಲ ಸ್ತನದ ಮ್ಯಾಮೊಗ್ರಾಮ್ ಕೂಡ ಚೆನ್ನಾಗಿತ್ತು. ಹನ್ನೊಂದು ವರ್ಷದಿಂದ ಮಾಡಿಸದೆ ಇದ್ದದ್ದು.

ಇಲ್ಲದ ಕಾರ್ಡು

ಸರ್ಜನ್ ಕೇಳಿದ ಮೊದಲ ಪ್ರಶ್ನೆ, "ಇಂಪ್ಲಾಂಟ್ ಕಾರ್ಡ್ ಇದೆಯಾ?"

ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಸ್ಟಿಕ್ಕರುಗಳು ಇರುತ್ತವೆ. ಕಂಪನಿ, ಮಾದರಿ, ಲಾಟ್ ನಂಬರ್, ಸೀರಿಯಲ್ ನಂಬರ್, ಗಾತ್ರ ಎಷ್ಟು ಸಿ.ಸಿ. ಎಂಬುದು ಅದರಲ್ಲಿ ಇರುತ್ತದೆ. ಒಂದನ್ನು ಆಸ್ಪತ್ರೆಯ ಫೈಲಿಗೆ, ಒಂದನ್ನು ರೋಗಿಗೆ ಕೊಡುವ ಕಾರ್ಡಿಗೆ ಅಂಟಿಸಬೇಕು. ಮೇಡಂ ಮನೆಯ ಬೀರು ಪೂರ್ತಿ ಹುಡುಕಿದೆವು. 2008ರ ಕರೆಂಟ್ ಬಿಲ್ ಸಿಕ್ಕಿತು, ಕಾರ್ಡ್ ಸಿಗಲಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ "ಸಿಲಿಕೋನ್ ಇಂಪ್ಲಾಂಟ್ ಇಡಲಾಗಿದೆ" ಎಂಬ ಒಂದೇ ಸಾಲು. ಬೆಂಗಳೂರಿನ ಆ ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಳೆಯ ಫೈಲ್ ಇಲ್ಲ ಅಂದರು. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ದಾಖಲೆ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ! ಒಳಗಿರುವ ವಸ್ತು ಹದಿನೈದು ಇಪ್ಪತ್ತು ವರ್ಷ ಇರುತ್ತದೆ, ಅದರ ಕಾಗದಕ್ಕೆ ಮೂರು ವರ್ಷದ ಹೊಣೆ. ಇದು ನನಗೆ ಸರಿ ಕಾಣುವುದಿಲ್ಲ. ನಿಯಮ ಬದಲಾಗುವ ತನಕ ಕಾಗದ ಕಾಪಾಡುವ ಕೆಲಸ ನಮ್ಮದೇ.

ಕಾರ್ಡ್ ಯಾಕೆ ಬೇಕು? 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿಯ ಇಂಪ್ಲಾಂಟುಗಳನ್ನು ಮಾರುಕಟ್ಟೆಯಿಂದ ತೆಗೆಸಿದರು. ವೈದ್ಯಕೀಯಕ್ಕೆ ಒಪ್ಪಿಗೆ ಇಲ್ಲದ, ಕೈಗಾರಿಕೆಯ ಸಿಲಿಕೋನ್ ತುಂಬಿದ್ದರು. ಅವು ಬೇರೆಯವಕ್ಕಿಂತ ಬೇಗ ಒಡೆಯುತ್ತಿದ್ದವು. ಅನೇಕ ದೇಶಗಳಿಗೆ ಹೋಗಿದ್ದವು. ಆ ಕಂಪನಿಯ ಸ್ಥಾಪಕನಿಗೆ 2013ರಲ್ಲಿ ಶಿಕ್ಷೆಯಾಯಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಒರಟು ಮೇಲ್ಮೈಯವಕ್ಕೂ ಒಂದು ಅಪರೂಪದ ಲಿಂಫೋಮಕ್ಕೂ ಸಂಬಂಧ ಕಂಡುಬಂದಿತ್ತು. ಇದು ಸ್ತನ ಕ್ಯಾನ್ಸರ್ ಅಲ್ಲ, ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಬೇರೆ ಕ್ಯಾನ್ಸರ್. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೆ ಒಂದು ಕಡೆ ದಿಢೀರನೆ ನೀರು ತುಂಬಿ ಊದುವುದು ಅದರ ಮುಖ್ಯ ಲಕ್ಷಣ. ಹಾಗೆ ಊದಿದರೆ ಆ ನೀರನ್ನು ತೆಗೆದು ಸಿಡಿ30 ಎಂಬ ಪರೀಕ್ಷೆಗೆ ಕಳಿಸಬೇಕು, ಕಾಯಬಾರದು. ಆದರೆ ಏನೂ ತೊಂದರೆ ಇಲ್ಲದವರು ಬರೀ ಹೆದರಿಕೆಗೆ ತೆಗೆಸಬೇಕಿಲ್ಲ ಎಂದು ಆ ವಾಪಸಾತಿಯ ಸಮಯದಲ್ಲೇ ಎಫ್.ಡಿ.ಎ. ಹೇಳಿತ್ತು.

ಮೇಡಂ ಅವರದ್ದು ಇವುಗಳಲ್ಲಿ ಒಂದೋ, ಅಲ್ಲವೋ? ಕಾರ್ಡ್ ಇಲ್ಲದೆ ಹೇಳುವವರು ಯಾರು?

ಏನು ಮಾಡುವುದು

ತೆಗೆಯಬೇಕು ಎಂಬುದರಲ್ಲಿ ಚರ್ಚೆ ಇರಲಿಲ್ಲ. ಜೆಲ್ ಪೊರೆಯಿಂದ ಹೊರಬಂದಿದೆ, ಗಟ್ಟಿಯೂ ಆಗಿದೆ. ನಾಳೆಯೇ ಆಗಬೇಕಾದ ತುರ್ತು ಅಲ್ಲ, ಆದರೆ ವರ್ಷ ದೂಡುವುದೂ ಬೇಡ ಅಂದರು. ಕಂಕುಳಿನ ಗಂಟುಗಳನ್ನು ತೆಗೆಯುವ ಅಗತ್ಯ ಇರಲಿಲ್ಲ. ಸಿಲಿಕೋನ್ ಎಂದು ಖಚಿತವಾದ ಗಂಟು ತೊಂದರೆ ಕೊಡದಿದ್ದರೆ ಬಿಡುತ್ತಾರೆ. ಅಲ್ಲಿ ಕೈಹಾಕಿದರೆ ಕೈ ಊದುವ ಭಯ ಬೇರೆ.

ಚರ್ಚೆ ಆದದ್ದು ತೆಗೆದ ಮೇಲೆ ಏನು ಎಂಬುದಕ್ಕೆ. ಮೂರು ದಾರಿ ಇತ್ತು. ತೆಗೆದು ಸುಮ್ಮನೆ ಬಿಡುವುದು, ಬೇಕೆಂದರೆ ಬ್ರಾ ಒಳಗೆ ಇಡುವ ಕೃತಕ ಸ್ತನ ಬಳಸುವುದು. ಹೊಸ ಇಂಪ್ಲಾಂಟ್ ಹಾಕುವುದು. ಇಲ್ಲವೇ ಬೆನ್ನಿನ ಅಥವಾ ಹೊಟ್ಟೆಯ ತನ್ನದೇ ಮಾಂಸ, ಕೊಬ್ಬು ತಂದು ಎದೆ ಕಟ್ಟುವುದು. ಕೊನೆಯದು ದೊಡ್ಡ ಆಪರೇಷನ್. ಆದರೆ ಅದಕ್ಕೆ ಮುಂದೆ ಇಂಪ್ಲಾಂಟಿನ ಚಿಂತೆ ಇಲ್ಲ. ರೇಡಿಯೇಷನ್ ಆದವರಿಗೆ ಹೆಚ್ಚಾಗಿ ಅದನ್ನೇ ಹೇಳುತ್ತಾರೆ.

ಈ ಹೊತ್ತಿಗೆ ಮಗಳಿಗೆ ಹೇಳಲೇಬೇಕಾಯಿತು. ದಾವಣಗೆರೆ ಜಿಲ್ಲೆಯಾದ 1997ರಲ್ಲೇ ಹುಟ್ಟಿದ ಹುಡುಗಿ, ಬೆಂಗಳೂರಿನಲ್ಲಿ ಕೆಲಸ. ಬಂದವಳೇ ಅಮ್ಮನ ಪಕ್ಕ ಕೂತು ಅತ್ತಳು. "ಹದಿನಾರು ವರ್ಷ ಒಬ್ಬಳೇ ಹೊತ್ಕೊಂಡಿದ್ದೀಯಲ್ಲಮ್ಮ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ಈ ವಯಸ್ಸಿಗೆ ಮತ್ತೆ ಇಂಪ್ಲಾಂಟ್ ಯಾಕೆ? ತೆಗೆಸಿ ಬಿಟ್ರೆ ಆರಾಮಲ್ವಾ?" ಅಂತ ಕೇಳಿದಳು. ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಮೇಡಂ ಹೇಳಿದ್ದು ಬೇರೆ. "ನಾನು ದಿನಾ ಐದು ಪೀರಿಯಡ್ ಬೋರ್ಡ್ ಮುಂದೆ ನಿಲ್ತೀನಿ. ಸೆರಗು ನಿಲ್ಲಬೇಕು. ಆಪರೇಷನ್ ಆದ ಮೇಲೆ ಕನ್ನಡಿ ನೋಡೋಕೆ ನನಗೆ ಧೈರ್ಯ ಬಂದದ್ದು ಇದರಿಂದ. ನನಗೆ 56 ಆಗಿರಬಹುದು, ಇನ್ನೂ ಇಪ್ಪತ್ತು ಮೂವತ್ತು ವರ್ಷ ಈ ಮೈಯಲ್ಲಿ ಇರೋಳು ನಾನೇ. ಹೊಸದು ಹಾಕ್ಲಿ. ಇದನ್ನೂ ಮುಂದೆ ಬದಲಾಯಿಸಬೇಕಾಗಬಹುದು ಅಂತ ಗೊತ್ತಿದ್ದೇ ಹೇಳ್ತಾ ಇದ್ದೀನಿ."

ಮಗಳು ಮತ್ತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಪಕ್ಕದಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ತಾಯಿಗೆ 40ಕ್ಕೆ ಸ್ತನ ಕ್ಯಾನ್ಸರ್ ಬಂದಿದೆ ಎಂಬುದು ಮಗಳಿಗೆ ಗೊತ್ತಿರಲೇಬೇಕಾದ ವಿಷಯ. ತಾಯಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಮಗಳ ತಪಾಸಣೆ ಶುರುಮಾಡಬೇಕು ಎಂದು ಡಾಕ್ಟರುಗಳು ಹೇಳುತ್ತಾರೆ. ಈ ಹುಡುಗಿಗೆ ಅದು 30. ಇನ್ನು ಮೂರೇ ವರ್ಷ ಇತ್ತು. ಈ ಗಂಟು ಬಾರದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಆಪರೇಷನ್ 2024ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ, ಬೇರೆ ಆಸ್ಪತ್ರೆಯಲ್ಲಿ ಆಯಿತು. ಬೆಳಗಿನ ರೈಲಿಗೆ ನಾಲ್ವರೂ ಹೋದೆವು. ಹಳೆಯ ಗಾಯದ ಗೆರೆಯ ಮೇಲೇ ಕೊಯ್ದು, ಹರಿದ ಚೀಲ, ಚೆಲ್ಲಿದ ಜೆಲ್, ದಪ್ಪಗಾಗಿದ್ದ ಪೊರೆ ಎಲ್ಲ ತೆಗೆದರು. ಪೊರೆಯಲ್ಲಿ ಅಲ್ಲಲ್ಲಿ ಸುಣ್ಣ ಕಟ್ಟಿತ್ತು. ಹಳೆಯ ಇಂಪ್ಲಾಂಟುಗಳ ಸುತ್ತ ಹಾಗಾಗುತ್ತದೆ. ಚೀಲದ ಮೇಲ್ಮೈ ಒರಟು ಬಗೆಯದ್ದಾಗಿತ್ತು. ಹಾಗಾಗಿ ಪೊರೆಯನ್ನು ಲಿಂಫೋಮಾ ಇದೆಯೇ ನೋಡಿ ಎಂದು ಬರೆದು ಪರೀಕ್ಷೆಗೆ ಕಳಿಸಿದರು. ಇರಲಿಲ್ಲ. ನಯವಾದ ಮೇಲ್ಮೈಯ ಹೊಸ ಇಂಪ್ಲಾಂಟ್ ಹಾಕಿದರು. ಗಾಯದ ನೀರು ಹೊರಹೋಗಲು ಇಟ್ಟ ನಳಿಕೆ, ಡ್ರೈನ್, ಆರು ದಿನ ಇತ್ತು. ಹೊಲಿಗೆ, ಡ್ರೆಸ್ಸಿಂಗ್ ಮತ್ತೆ ನಾನೇ ನೋಡಿಕೊಂಡೆ, ನಮ್ಮ ಮನೆಯ ಅದೇ ಕೋಣೆಯಲ್ಲಿ.

ಬದಲಾಯಿಸದೆ ಇದ್ದವರು

ಮೇಡಂ ವಿಷಯ ಗೊತ್ತಾದ ಮೇಲೆ ನನ್ನ ವ್ಯಾಯಾಮದ ಗುಂಪಿನ ಇನ್ನೊಬ್ಬ ತಂಗಿ ಹೆದರಿ ಬಂದಳು. ಅವಳದ್ದು ಹನ್ನೊಂದು ವರ್ಷದ ಇಂಪ್ಲಾಂಟ್. "ನಂದೂ ತೆಗೆಸಬೇಕಾ ಅಕ್ಕಾ?" ಅಂತ. ಸ್ಕ್ಯಾನ್ ಮಾಡಿಸಿದೆವು. ಚೀಲ ಚೆನ್ನಾಗಿದೆ, ಮೆತ್ತಗಿದೆ, ಆಕಾರ ಸರಿ ಇದೆ. ಡಾಕ್ಟರು ಮುಟ್ಟಬೇಡಿ ಅಂದರು. ಪ್ರತಿ ಆಪರೇಷನ್ನಿಗೂ ಅದರದ್ದೇ ಸೋಂಕು, ರಕ್ತಸ್ರಾವ, ಹೊಸ ಪೊರೆ ಬಿಗಿಯಾಗುವ ಅಪಾಯ ಇರುತ್ತದೆ. ಸರಿ ಇರುವುದನ್ನು ವರ್ಷದ ಲೆಕ್ಕಕ್ಕೆ ತೆಗೆದರೆ ಆ ಅಪಾಯವನ್ನು ಕರೆದು ತಂದ ಹಾಗೆ. ಅವಳ ಹನ್ನೊಂದು ವರ್ಷದ್ದು ಒಳಗೇ ಉಳಿಯಿತು. ಆದರೆ ಮುಂದಿನ ಸ್ಕ್ಯಾನ್ ದಿನ ಬರೆಸಿಕೊಂಡು ಬಂದಳು.

ತೊಂದರೆ ಏನೂ ಇಲ್ಲದಿದ್ದರೂ ಯಾವಾಗ ನೋಡಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಸಿಲಿಕೋನ್ ಇಂಪ್ಲಾಂಟಿಗೆ ಆಪರೇಷನ್ ಆಗಿ ಐದಾರು ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ., ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಎಫ್.ಡಿ.ಎ. 2020ರಲ್ಲಿ ಹೀಗೆ ಹೇಳಿತು. ಅದಕ್ಕೂ ಮೊದಲು, 2006ರಿಂದ, ಮೂರನೆಯ ವರ್ಷಕ್ಕೆ ಎಂ.ಆರ್.ಐ., ಆಮೇಲೆ ಎರಡು ವರ್ಷಕ್ಕೊಮ್ಮೆ ಎಂದಿತ್ತು. ಅಷ್ಟು ಖರ್ಚು ಮಾಡಿ ಯಾರು ಮಾಡಿಸುತ್ತಾರೆ? ಅಲ್ಟ್ರಾಸೌಂಡ್ ಸಾಕು ಎಂದದ್ದರಿಂದ ನಮ್ಮಂಥ ಊರಿನವರಿಗೆ ಇದು ಕೈಗೆಟುಕುವ ಮಾತಾಯಿತು. ಅನುಮಾನ ಬಂದರೆ ಮಾತ್ರ ಎಂ.ಆರ್.ಐ. ಈ ನಡುವೆ ಗಟ್ಟಿಯಾದರೆ, ಆಕಾರ ಬದಲಾದರೆ, ಊದಿದರೆ, ನೋವು ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಯಾವ ತಾರೀಖಿಗೂ ಕಾಯಬಾರದು. ಟೈಲರ್ ಅಳತೆ ಬೇರೆ ಬಂತು ಅಂದರೂ ಸರಿ.

ಮತ್ತೆ ಹೇಳಬೇಕಾದದ್ದು, ಸ್ಕ್ಯಾನಿಗೆ ಹೋದಾಗ ಬಾಯಿಬಿಟ್ಟು ಹೇಳಿ. ಕಂಕುಳ ಸ್ಕ್ಯಾನ್ ಆದರೂ ಹೇಳಿ, ಮ್ಯಾಮೊಗ್ರಾಮ್ ಆದರೂ ಹೇಳಿ. ಇಂಪ್ಲಾಂಟ್ ಇದೆ ಅಂತ ಗೊತ್ತಿದ್ದರೆ ಮ್ಯಾಮೊಗ್ರಾಮ್ ಮಾಡುವವರು ಅದನ್ನು ಹಿಂದಕ್ಕೆ ಸರಿಸಿ ಬೇರೆ ಭಂಗಿಯಲ್ಲಿ ಚಿತ್ರ ತೆಗೆಯುತ್ತಾರೆ. ಹೆಂಗಸರೇ ಇರುವ ಕಡೆ ಬೇಕೆಂದರೆ ಕೇಳಿ ಪಡೆಯಬಹುದು. ಹೇಳಲು ನಾಚಿಕೆ ಆದರೆ ಚೀಟಿಯಲ್ಲಿ ಬರೆದು ಕೊಡಿ.

ದೀಪಾವಳಿಗೆ ಮೇಡಂ ಮನೆಗೆ ಹೋಗಿದ್ದೆ. ಹೊಸ ಇಂಪ್ಲಾಂಟಿನ ಕಾರ್ಡನ್ನು ಎಲ್.ಐ.ಸಿ. ಬಾಂಡ್ ಇರುವ ಕವರಿನಲ್ಲಿ ಇಟ್ಟಿದ್ದರು. ತೆಗೆದು ತೋರಿಸಿದರು. ಸ್ಟಿಕ್ಕರ್ ಮೇಲೆ ಲಾಟ್ ನಂಬರ್, ಸೀರಿಯಲ್ ನಂಬರ್, ಸಿ.ಸಿ. ಎಲ್ಲ ಇದೆ. ಅದರ ಕೆಳಗೆ ಅವರದ್ದೇ ದುಂಡು ಅಕ್ಷರದಲ್ಲಿ "ಮೊದಲ ಸ್ಕ್ಯಾನ್: ಆಗಸ್ಟ್ 2029" ಎಂದು ಬರೆದಿದ್ದರು. ಕಾರ್ಡಿನ ಫೋಟೋ ಯಜಮಾನರ ಫೋನಿನಲ್ಲಿದೆ, ಮಗಳ ಫೋನಿನಲ್ಲಿದೆ. ಈಗ ನನ್ನ ಫೋನಿನಲ್ಲೂ ಇದೆ.